ಪಂಡಿತ ಪೂರ್ವಕ್ಕೆ ಓಡಿದ್ದೇಕೆ

“ಮಾವಾ! ತಲೆ ಹೊರಗೆ ತೆಗೀರಿ! ನಿಮ್ಮ ವಾಸನೆ ಒಳಗೆ ಹೋಗುತ್ತೆ!”

ಪತ್ತೇದಾರ ತಲೆ ತೆಗೆಯಲಿಲ್ಲ. ನೆಲದ ಮೇಲೆ ಮೊಣಕಾಲೂರಿ, ಚಾವಣಿಯಿಂದ ಸುತ್ತಲೂ ಇಳಿಬಿಟ್ಟ ಕಪ್ಪು ಪರದೆಯ ಅಂಚನ್ನು ಎತ್ತಿ, ಕುತ್ತಿಗೆಯವರೆಗೆ ಒಳಗೆ ತೂರಿಸಿಕೊಂಡಿದ್ದ. ಹೊರಗೆ ಉಳಿದಿದ್ದದ್ದು ಸವೆದ ಬೂಟಿನ ಅಟ್ಟೆಗಳು, ಮಾಸಿದ ಪ್ಯಾಂಟು, ಯಾವ ಅವಸರವೂ ಇಲ್ಲದ ಒಂದು ಬೆನ್ನು.

“ನನ್ನ ವಾಸನೆ ನನಗೇ ಗೊತ್ತಾಗಲ್ಲ, ನಿನ್ನ ಇಲಿಗೇನು ಗೊತ್ತಾಗುತ್ತೆ?” ಎಂದಿತು ಪರದೆಯೊಳಗಿನ ದನಿ.

“ಅವನಿಗೇ ಗೊತ್ತಾಗೋದು! ಹೊರಗೆ ಬನ್ನಿ ಅಂದ್ರೆ!”

ಅಕ್ಕನ ಮಗಳು ಅವನ ಕೋಟಿನ ತುದಿ ಹಿಡಿದು ಎಳೆದಳು. ಚಿಕ್ಕವಳಿದ್ದಾಗ ತಿಂಡಿ ಅಂಗಡಿಯ ಮುಂದೆ ಹೀಗೇ ಎಳೆಯುತ್ತಿದ್ದಳು. ಈಗ ಅವಳು ಈ ಪ್ರಯೋಗಾಲಯದ ಒಡತಿ, ಇಲಿಗಳ ಮಿದುಳು ಓದುವ ವಿಜ್ಞಾನಿ.

ಎಷ್ಟು ದಿನ ಒಡತಿ ಎಂಬುದೇ ಪ್ರಶ್ನೆ. ಕಳೆದ ವಾರ ಪರಿಶೀಲನಾ ಸಮಿತಿಯ ಕಣ್ಣೆದುರು ಅವಳ ಇಲಿ ಪಂಡಿತ, ಉತ್ತರಕ್ಕೆ ಓಡಬೇಕಾದವನು ಪೂರ್ವಕ್ಕೆ ಓಡಿ, ಅವಳ ಮಾನ ಕಳೆದಿದ್ದ. ಇಂದು ಮಧ್ಯಾಹ್ನ ಸಮಿತಿ ಮತ್ತೆ ಕೂರುತ್ತದೆ. ಅಷ್ಟರೊಳಗೆ ಕಾರಣ ಸಿಗದಿದ್ದರೆ ಕೋಣೆಗೆ ಬೀಗ, ಅವಳ ಹೆಸರಿಗೆ ಸುಳ್ಳುಗಾತಿ ಎಂಬ ಮಸಿ, ಪಂಡಿತನಿಗೆ ಕೊನೆಯ ಸೂಜಿಮದ್ದು.

ಪತ್ತೇದಾರ ಹೊರಬಂದ. ಕೂದಲಿಗೆ ದಾರದ ಚೂರು ಅಂಟಿತ್ತು. ಮುಖದಲ್ಲಿ ತೃಪ್ತಿ.

“ಒಂದು ಮಾತು ಹೇಳು. ಕಳೆದ ವಾರದಿಂದ ಈ ಪರದೆಯ ಒಳಗೆ ಎಷ್ಟು ಜನ ಇಣುಕಿದ್ದೀರಿ?”

“ಯಾರೂ ಇಲ್ಲ. ಇಣುಕೋ ಹಾಗೇ ಇಲ್ಲ. ಮನುಷ್ಯರ ಮೈವಾಸನೆ ಸೇರಿದ್ರೆ ಪ್ರಯೋಗ ಕೆಟ್ಟಹಾಗೆ. ಪಂಡಿತನ್ನ ಪೆಟ್ಟಿಗೇಲಿ ಕೂರಿಸಿ ಮೇಲಿಂದ ರಾಟೆಯಲ್ಲಿ ಇಳಿಸ್ತೀವಿ. ಅವನು ಓಡೋ ಹಲಗೆದಾರೀನ ಪರದೆ ಕೆಳಗಿಂದ ಹೊರಗೆ ಎಳೆದು ಸ್ಪಿರಿಟ್‌ನಲ್ಲಿ ಒರೆಸ್ತೀವಿ. ಕ್ಯಾಮೆರಾ ಚಾವಣಿಯಲ್ಲಿದೆ, ಅದಕ್ಕೆ ಹಲಗೆ ಬಿಟ್ರೆ ಬೇರೇನೂ ಕಾಣಲ್ಲ.”

“ಸಮಿತಿಯವರು?”

“ಅವರು ಕೊಳವೆ ಮೂಸಿದ್ರು, ಹಲಗೆ ಮೂಸಿದ್ರು, ನೀರಿನ ಬಟ್ಟಲು ಮೂಸಿದ್ರು. ಇಲಿಯಮ್ಮನ ಕೈ ಕೂಡ ಮೂಸಿದ್ರು.”

“ನನ್ನ ಗಂಡ ಕೂಡ ಯಾವತ್ತೂ ಮೂಸಿಲ್ಲ ಬಿಡಿ,” ಎಂದಳು ಮೂಲೆಯಲ್ಲಿ ಪಂಜರ ಒರೆಸುತ್ತಿದ್ದ ಇಲಿಯಮ್ಮ. ಇಲಿಗಳಿಗೆ ಹೊಟ್ಟೆಗೆ ಹಾಕಿ, ಬೈದು, ಮುದ್ದು ಮಾಡಿ ಅವಳಿಗೆ ಆ ಹೆಸರೇ ನಿಂತುಹೋಗಿತ್ತು. ಸೀಸೆಯ ತಳದಷ್ಟು ದಪ್ಪದ ಕನ್ನಡಕ, ಅದರ ಹಿಂದೆ ತಪ್ಪದೆ ನಗುವ ಕಣ್ಣು.

ಪತ್ತೇದಾರನೂ ನಕ್ಕ. ಹಿಂದೊಮ್ಮೆ ಬಂದ ಜ್ವರ ಅವನ ಮೂಗಿನಿಂದ ವಾಸನೆಯನ್ನು ಪೂರ್ತಿ ಕಿತ್ತುಕೊಂಡಿತ್ತು. ಮೂಗಿಲ್ಲದವನನ್ನು ವಾಸನೆಯ ಪ್ರಕರಣಕ್ಕೆ ಕರೆಸಿದ್ದಾಳೆಂದು ಕಟ್ಟಡವೆಲ್ಲ ಆಡಿಕೊಂಡಿತ್ತು. ಆದರೆ ಮೂಗಿದ್ದವರೆಲ್ಲ ಮೂಗನ್ನೇ ನಂಬಿದ್ದರು. ಕಣ್ಣಿಗೆ ಕೆಲಸ ಕೊಟ್ಟವರೇ ಇರಲಿಲ್ಲ.

“ಇನ್ನೊಂದು ಸಲ ಓಡಿಸು,” ಎಂದ. “ನಾನು ಕೇಳಿಸ್ಕೋಬೇಕು.”

*

ಪಂಡಿತ ಬಿಳಿ ಇಲಿ, ಕತ್ತು ಮಾತ್ರ ಕಂದು. ತಲೆಯ ಮೇಲೆ ಬೆರಳಿನ ಉಗುರಿನಷ್ಟು ಪುಟ್ಟ ಟೋಪಿ. ಆ ಟೋಪಿಯಿಂದ ಕೂದಲಿಗಿಂತ ಸಪೂರದ ತಂತಿಗಳು ಮಿದುಳಿನಲ್ಲಿ ವಾಸನೆ ನೋಡಿಕೊಳ್ಳುವ ಭಾಗಕ್ಕೆ ಇಳಿದಿವೆ. ಅಲ್ಲಿನ ಒಂದು ಕೋಶ ಮಿಡಿದರೆ ಮೇಜಿನ ಮೇಲಿನ ಪುಟ್ಟ ಸ್ಪೀಕರಿನಲ್ಲಿ ‘ಟಿಕ್’ ಎನ್ನುತ್ತದೆ.

ರಾಟೆ ಕಿರುಗುಟ್ಟಿತು. ಪೆಟ್ಟಿಗೆ ಪರದೆಯ ನಡುವೆ ಇಳಿಯಿತು. ಕಂಪ್ಯೂಟರಿನ ತೆರೆಯ ಮೇಲೆ ನಾಲ್ಕು ತೋಳಿನ ಹಲಗೆದಾರಿ, ಅದರ ನಟ್ಟನಡುವೆ ಪಂಡಿತ.

“ನಡುವಿನ ಕೊಳವೆಯಿಂದ ಲವಂಗದ ವಾಸನೆ ಬಿಡ್ತೀನಿ,” ಎಂದಳು ಅವಳು. “ಲವಂಗ ಅಂದ್ರೆ ಉತ್ತರದ ತೋಳಲ್ಲಿ ನೀರು. ನಿಂಬೆ ಅಂದ್ರೆ ಪಶ್ಚಿಮದಲ್ಲಿ. ಅವನಿಗೆ ಬಾಯಿಪಾಠ ಆಗಿತ್ತು ಮಾವ. ಈಗ ನೋಡಿ.”

ಪಂಡಿತ ಮೂಗರಳಿಸಿದ. ಒಂದು ಗಳಿಗೆ ತಲೆಯೆತ್ತಿ ಸುತ್ತ ನೋಡಿದ. ಆಮೇಲೆ ಪರೀಕ್ಷೆ ಬರೆಯಲು ಹೊರಟ ಜಾಣ ಹುಡುಗನಂತೆ ಸರಸರನೆ ಪೂರ್ವದ ತೋಳಿಗೆ ಓಡಿದ. ಟಿಕ್. ಟಿಕ್ಟಿಕ್. ಟಿಕ್.

ಅಲ್ಲಿ ನೀರಿಲ್ಲ. ಬಟ್ಟಲನ್ನು ನೆಕ್ಕಿ, ಹಿಂದಿರುಗಿ, ಕ್ಯಾಮೆರಾದ ಕಡೆಗೇ ನೋಡಿದ. ಅಷ್ಟು ಅನ್ಯಾಯವನ್ನು ಅಷ್ಟು ಪುಟ್ಟ ಮುಖ ಹೊರುವುದನ್ನು ಪತ್ತೇದಾರ ಎಂದೂ ಕಂಡಿರಲಿಲ್ಲ.

“ಆ ಟಿಕ್ ಟಿಕ್ ಯಾತಕ್ಕೆ? ಪೂರ್ವದಲ್ಲಿ ಏನಾದ್ರೂ ವಾಸನೆ ಇದೆಯಾ?”

“ಏನೂ ಇಲ್ಲ. ಅದೇ ನನ್ನ ಕೆಲಸದ ತಿರುಳು. ವಾಸನೆಯ ಕೋಶ ವಾಸನೆಗೆ ಮಾತ್ರ ಮಿಡಿಯುತ್ತೆ ಅಂತ ಎಲ್ಲರೂ ತಿಳ್ಕೊಂಡಿದ್ರು. ನಾನು ಹೇಳೋದು, ಅದಕ್ಕೆ ಜಾಗವೂ ಗೊತ್ತು. ಈ ವಾಸನೆ ಬಂದ್ರೆ ಇಲ್ಲಿಗೆ ಹೋಗ್ಬೇಕು ಅಂತ ಕಲಿತ ಮೇಲೆ, ಅದು ವಾಸನೆಯನ್ನೂ ಜಾಗವನ್ನೂ ಒಟ್ಟಿಗೆ ಇಟ್ಕೊಂಡಿರುತ್ತೆ. ಈ ಕೋಶ ಉತ್ತರದ ತೋಳಿಗೆ ಹೋದಾಗೆಲ್ಲ ಮಿಡೀತಿತ್ತು, ವಾಸನೆ ಇರಲಿ ಬಿಡಲಿ.”

“ಅದನ್ನ ಒಪ್ಪದವರು?”

“ಸಂಶಯ ಸರ್. ಎಲ್ಲದಕ್ಕೂ ಸಂಶಯ ಪಡೋ ನಮ್ಮ ಹಿರಿಯರಿಗೆ ಹುಡುಗರಿಟ್ಟ ಹೆಸರು. ಉತ್ತರದ ತೋಳಿಗೆ ಯಾವುದೋ ವಾಸನೆ ಅಂಟ್ಕೊಂಡಿದೆ, ಕೋಶ ಅದಕ್ಕೆ ಮಿಡೀತಿದೆ, ಜಾಗವೂ ಇಲ್ಲ ಗೀಗವೂ ಇಲ್ಲ ಅಂತ ಅವರ ವಾದ. ಸಮಿತಿ ಎದುರು ಕೋಶ ಪೂರ್ವದಲ್ಲಿ ಮಿಡಿದಾಗ ಅವರು ಅಂದ್ರು: ಇದಕ್ಕೆ ಹುಚ್ಚು ಹಿಡಿದಿದೆ, ಹಿಂದಿನ ಲೆಕ್ಕವೆಲ್ಲ ಈ ಹುಡುಗಿ ಚೆಂದ ಮಾಡಿ ಜೋಡಿಸಿದ್ದು ಅಂತ.”

ಪತ್ತೇದಾರನಿಗೆ ತಂದೆ ಕಾವ್ಯ ಓದುತ್ತಿದ್ದ ಒಳಕೋಣೆ ನೆನಪಾಯಿತು. ಅಲ್ಲಿ ಬಟ್ಟೆಯ ಪೆಟ್ಟಿಗೆಗಳಿದ್ದವು, ನುಸಿಗುಳಿಗೆಯ ಘಾಟಿತ್ತು. ಮೂಗು ಹೋದ ಮೇಲೂ ಆ ಕೋಣೆಯ ಹೊಸಿಲು ದಾಟಿದರೆ ಸಾಕು, ಘಾಟು ಬಂದೇಬಿಡುತ್ತಿತ್ತು. ಪೆಟ್ಟಿಗೆಗಳನ್ನು ಯಾವಾಗಲೋ ಮಾರಿಯಾಗಿತ್ತು.

“ನಿನ್ನ ಮಾತು ನಿಜ ಅಂತ ನನ್ನ ಮಟ್ಟಿಗೆ ನನಗೆ ಗೊತ್ತು,” ಎಂದ ಮೆಲ್ಲಗೆ. “ಪರದೆ ಹೊಲಿದವರು ಯಾರು?”

“ಅತ್ತೆ.”

“ಕರೆಸು.”

*

ಅತ್ತೆಯ ಹೊಲಿಗೆ ಅಂಗಡಿ ಬೀದಿಯ ಆಚೆ ತುದಿಯಲ್ಲೇ ಇತ್ತು. ಕೊರಳಲ್ಲಿ ಅಳತೆಪಟ್ಟಿ, ಸೀರೆಯ ಎದೆಯಂಚಿಗೆ ಚುಚ್ಚಿಕೊಂಡ ಸೂಜಿಗಳು, ಮೂಗಿನ ತುದಿಗಿಳಿದ ಕನ್ನಡಕ, ಬಾಯಲ್ಲಿ ಯಾವುದೋ ಹಳೆಯ ಪದ್ಯದ ಗುನುಗು. ಎಲ್ಲವನ್ನೂ ಹೊತ್ತುಕೊಂಡೇ ಬಂದಳು. ಪದ್ಯ ಅವಳ ಬಾಯಲ್ಲಿ ಮಿಷನ್ನಿನ ಚಕ್ರದಂತೆ ತಾನಾಗಿ ತಿರುಗುತ್ತಿತ್ತು.

“ಏನು ಬೀಗರೇ, ಊಟಕ್ಕೆ ಕರೆದ್ರೆ ಬರಲ್ಲ, ಇಲಿ ಕರೆದ್ರೆ ಬರ್ತೀರಿ?”

“ಇಲಿಗೆ ನನ್ನ ಹೆಂಡ್ತಿ ಪರಿಚಯ ಇಲ್ಲ ನೋಡಿ. ಅವಳು ಇಲಿಗೆ ಫೋನ್ ಮಾಡಿ, ಇವರಿಗೆ ಯಾಕೆ ತಡವಾಯ್ತು ಅಂತ ಕೇಳಲ್ಲ.”

“ಇಬ್ಬರೂ ಆಮೇಲೆ ಮಾತಾಡ್ಕೊಳ್ಳಿ,” ಎಂದಳು ಹುಡುಗಿ. ಒಬ್ಬನಿಗೆ ಅಕ್ಕನ ಮಗಳು, ಇನ್ನೊಬ್ಬಳಿಗೆ ಮಗನ ಹೆಂಡತಿ. ಇಬ್ಬರಿಗೂ ಸೊಸೆಯಾದ ಮೇಲೆ ಇಬ್ಬರನ್ನೂ ಗದರುವ ಹಕ್ಕು ಅವಳದೇ.

ಪತ್ತೇದಾರ ಪರದೆಯ ನೆತ್ತಿಯತ್ತ ಕೈ ತೋರಿಸಿದ. ಚಾವಣಿಯ ಬಳೆಯಿಂದ ಕೊಕ್ಕೆಗಳು ಇಳಿಬಿದ್ದಿದ್ದವು. ಒಂದೊಂದಕ್ಕೂ ಪರದೆಯ ಒಂದೊಂದು ಕುಣಿಕೆ. ಉತ್ತರದ ಕೊಕ್ಕೆಯಲ್ಲಿದ್ದ ಕುಣಿಕೆಗೆ ಮಾತ್ರ ಕೆಂಪು ನೂಲಿನ ಹೊಲಿಗೆ.

“ಆ ಕೆಂಪು ಯಾಕೆ?”

“ಒಗೆದು ಮತ್ತೆ ಹಾಕೋವಾಗ ದಿಕ್ಕು ತಪ್ಪಬಾರದು ಅಂತ ಇವಳೇ ಕೇಳಿದ್ಲು. ಒಳಗಡೆ ನಾಲ್ಕು ಗುರುತಿನ ಬಟ್ಟೆ ಹೊಲಿದಿದ್ದೀನಿ. ಬಿಳೀ ಚಂದ್ರ, ಪಟ್ಟೆ, ನಕ್ಷತ್ರ, ಮೂರು ಮೂಲೆ. ಇಲಿ ಅವನ್ನ ನೋಡಿ ದಿಕ್ಕು ಹಿಡಿಯುತ್ತಂತೆ. ಚಂದ್ರನ ನೆತ್ತಿ ಮೇಲಿನ ಕುಣಿಕೆ ಕೆಂಪು. ಕೆಂಪು ಯಾವಾಗ್ಲೂ ಉತ್ತರಕ್ಕೆ.”

“ಇವತ್ತೂ ಕೆಂಪು ಉತ್ತರಕ್ಕೇ ಇದೆ,” ಎಂದಳು ಸೊಸೆ. “ಅದನ್ನೇ ಮೊದಲು ನೋಡಿದ್ದು ನಾವು. ಪರದೆಯದ್ದು ತಪ್ಪಿಲ್ಲ ಅಂತ ಅವತ್ತೇ ಬಿಟ್ಟುಬಿಟ್ವಿ.”

“ಕೆಂಪು ಉತ್ತರಕ್ಕೇ ಇದೆ,” ಪತ್ತೇದಾರ ತಲೆಯಾಡಿಸಿದ. “ಆದ್ರೆ ಅದರ ಕೆಳಗೆ ಒಳಗಡೆ ಇರೋದು ಚಂದ್ರ ಅಲ್ಲ. ಪಟ್ಟೆ. ಚಂದ್ರ ಪೂರ್ವದ ಗೋಡೆ ಕಡೆ ಕೂತು ನಗ್ತಾ ಇದ್ದಾನೆ. ಈಗ ತಾನೇ ಮುಖಾಮುಖಿ ಭೇಟಿಯಾಗಿ ಬಂದೆ.”

ಇಲಿಯಮ್ಮನ ಕೈಯ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕಿತು.

“ಅಂದ್ರೆ...” ಸೊಸೆ ಕುರ್ಚಿ ಹಿಡಿದುಕೊಂಡಳು.

“ಅಂದ್ರೆ ಯಾರೋ ಪರದೆಯನ್ನ ಕಾಲು ಸುತ್ತು ತಿರುಗಿಸಿದ್ದಾರೆ. ತಿರುಗಿಸಿ, ಕೆಂಪು ನೂಲು ಬಿಚ್ಚಿ, ಉತ್ತರಕ್ಕೆ ಬಂದ ಕುಣಿಕೆಗೆ ಹೊಸದಾಗಿ ಹೊಲಿದಿದ್ದಾರೆ. ನೀವು ಒಳಗೆ ಇಣುಕಲ್ಲ, ನೂಲು ನೋಡಿ ಸುಮ್ಮನಾಗ್ತೀರಿ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಪಂಡಿತ ತಪ್ಪು ಮಾಡಿಲ್ಲ. ಅವನ ಲೋಕವನ್ನೇ ತಿರುಗಿಸಿ, ಅವನನ್ನ ಪೆದ್ದ ಅಂದ್ರಿ.”

“ಅಯ್ಯೋ ನನ್ನಪ್ಪಾ,” ಇಲಿಯಮ್ಮ ಪಂಡಿತನಿದ್ದ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡಳು. “ನಾನೂ ನಿನ್ನ ಬೈದೆನಲ್ಲೋ.”

ಕುಣಿಕೆಗಳನ್ನು ಕಳಚಿ ಪರದೆಯನ್ನು ಹಳೆಯ ಜಾಗಕ್ಕೆ ತಿರುಗಿಸುವಾಗ ಪೂರ್ವದ ಕುಣಿಕೆಯಲ್ಲಿ ಸೂಜಿ ತೂತುಗಳು ಕಂಡವು. ಒಂದರಲ್ಲಿ ಕೆಂಪು ಎಳೆಯ ಚೂರು ಇನ್ನೂ ಸಿಕ್ಕಿಕೊಂಡಿತ್ತು. ಅತ್ತೆ ಅದನ್ನು ಉಗುರಿನಲ್ಲಿ ಕಿತ್ತು ಸೆರಗಿಗೆ ಅಂಟಿಸಿಕೊಂಡಳು.

ಮತ್ತೆ ರಾಟೆ. ಮತ್ತೆ ಲವಂಗ. ಪಂಡಿತ ಮೂಗರಳಿಸಿ, ತಲೆಯೆತ್ತಿ, ಚಂದ್ರನನ್ನು ನೋಡಿ, ಉತ್ತರಕ್ಕೆ ಓಡಿದ. ಟಿಕ್ಟಿಕ್ಟಿಕ್. ಬಟ್ಟಲಲ್ಲಿ ನೀರಿತ್ತು. ಕುಡಿಯುವ ಸದ್ದು ಸ್ಪೀಕರಿಗೆ ಬರುವುದಿಲ್ಲ. ಆದರೂ ಎಲ್ಲರಿಗೂ ಕೇಳಿದಂತಾಯಿತು.

ಅತ್ತೆಯ ಗುನುಗು ಜೋರಾಯಿತು. ಇಲಿಯಮ್ಮ ಕಾಫಿಗೆ ನೀರಿಟ್ಟಳು. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಬಹಳ ದಿನಗಳ ಮೇಲೆ ಆ ಕೋಣೆ ಕೆಲಸ ನಡೆಯುವ ಕೋಣೆಯಂತೆ ಕಂಡಿತು.

ಸೊಸೆ ಮಾತ್ರ ತೆರೆಯನ್ನೇ ನೋಡುತ್ತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು.

“ಯಾಕಮ್ಮಾ ಅಳ್ತೀಯಾ?”

“ಅಳ್ತಿಲ್ಲ ಮಾವ, ನಗ್ತಾ ಇದ್ದೀನಿ. ನಿಮಗೆ ತಿಳೀತಾ? ಉತ್ತರದ ಹಲಗೆಗೆ ವಾಸನೆ ಅಂಟಿದ್ರೆ, ಪರದೆ ತಿರುಗಿಸಿದ್ರೂ ಕೋಶ ಉತ್ತರದಲ್ಲೇ ಮಿಡೀಬೇಕಿತ್ತು. ಅದು ಪರದೆ ಜೊತೆ ಪೂರ್ವಕ್ಕೆ ಹೋಯ್ತು! ಅಂದ್ರೆ ಅದು ಹಿಡ್ಕೊಂಡಿರೋದು ಅಂಟಿದ ವಾಸನೆಯನ್ನಲ್ಲ, ಜಾಗವನ್ನ. ನನ್ನ ಕೆಲಸ ಕೆಡಿಸೋಕೆ ಬಂದವರು ನನ್ನ ಮಾತು ನಿಜ ಅಂತ ತೋರಿಸಿ ಹೋಗಿದ್ದಾರೆ. ಅದೂ ಇಡೀ ಸಮಿತಿ ಎದುರು!”

*

“ನಗು ಕಾರಿಡಾರಿನ ಆ ತುದಿಗೆ ಕೇಳ್ತಿದೆ.”

ಬಾಗಿಲಲ್ಲಿ ಸಂಶಯ ಸರ್ ನಿಂತಿದ್ದರು. ಇಲಾಖೆಯ ಹಿರಿಯರು, ಸಮಿತಿಯ ಅಧ್ಯಕ್ಷರು. ಎತ್ತರದ ಆಳು, ಇಸ್ತ್ರಿ ಕಾಣದ ಅಂಗಿ, ಎಡ ತೋಳಿನ ಗುಂಡಿಯಿದ್ದ ಜಾಗದಲ್ಲಿ ಪಿನ್ನು. ಮಗಳ ಮದುವೆಯ ಛಾಯಾಚಿತ್ರಕ್ಕೂ ಸಾಕ್ಷಿ ಕೇಳಿದವರೆಂದು ಹುಡುಗರು ನಗುತ್ತಿದ್ದರು.

“ಬನ್ನಿ ಸಾರ್,” ಎಂದ ಪತ್ತೇದಾರ. “ನಿಮ್ಮ ಬಗ್ಗೆಯೇ ಯೋಚಿಸ್ತಿದ್ದೆ. ಈ ಕೋಣೆ ಖಾಲಿಯಾದ್ರೆ ನಿಮ್ಮ ಶಿಷ್ಯನಿಗೆ ಸಿಗುತ್ತಂತೆ?”

“ಸಿಗುತ್ತೆ. ಮುಚ್ಚಿಡೋದೇನಿದೆ?”

“ಕೋಣೆಯ ಕೀಲಿ ನಿಮ್ಮ ಹತ್ತಿರವೂ ಇದೆ.”

“ನನ್ನ ಹತ್ತಿರ, ಇಲಿಯಮ್ಮನ ಹತ್ತಿರ, ಈ ಹುಡುಗಿ ಹತ್ತಿರ. ಏನು ಹೇಳ್ಬೇಕೋ ನೇರವಾಗಿ ಹೇಳಿ, ಸುತ್ತಿ ಬಳಸಿ ಬೇಡ.”

ಪತ್ತೇದಾರ ಹೇಳಿದ. ಪರದೆ, ಚಂದ್ರ, ನೂಲು, ಪೂರ್ವಕ್ಕೆ ಹೋದ ಟಿಕ್ ಟಿಕ್. ಸಂಶಯ ಸರ್ ಕೇಳುತ್ತ ಕೇಳುತ್ತ ಕುರ್ಚಿ ಎಳೆದುಕೊಂಡು ಕುಳಿತರು. ಸ್ಪೀಕರಿನತ್ತ ಕೈಮಾಡಿ “ಇನ್ನೊಮ್ಮೆ” ಎಂದರು. ಪಂಡಿತ ಇನ್ನೊಮ್ಮೆ ಓಡಿದ. ಅವರು ತಾವೇ ಎದ್ದು, ಉತ್ತರದ ಹಲಗೆಯನ್ನು ಇನ್ನೊಂದರೊಂದಿಗೆ ಅದಲುಬದಲು ಮಾಡಿಸಿ ಮತ್ತೊಮ್ಮೆ ಓಡಿಸಿದರು. ಕೋಶ ಉತ್ತರದಲ್ಲೇ ಮಿಡಿಯಿತು.

“ಇದು ನೀವು ಮಾಡಿದ್ದಾ ಸಾರ್?” ಪತ್ತೇದಾರ ಕೇಳಿದ. ದನಿ ಏರಿರಲಿಲ್ಲ.

“ನನಗೆ ಇವಳನ್ನ ಮುಗಿಸ್ಬೇಕು ಅಂತಿದ್ರೆ ಇಂಥ ದಡ್ಡ ಕೆಲಸ ಮಾಡ್ತಿದ್ನಾ? ನನ್ನ ವಾದವನ್ನ ನನ್ನ ಕೈಯಾರೆ ಮುರಿಯೋ ಪ್ರಯೋಗ ಇದು. ಇವಳಿಗೆ ಹೊಳೆಯದೆ ಹೋದ ಪ್ರಯೋಗ. ನನಗೂ ಹೊಳೀಲಿಲ್ಲ ಅನ್ನೋದೇ ನನ್ನ ಹೊಟ್ಟೆಯುರಿ.”

“ಹಾಗಾದ್ರೆ ವಿಜ್ಞಾನ ಗೊತ್ತಿಲ್ಲದ ಶತ್ರು ಮಾಡಿರಬೇಕು.”

“ಅಥವಾ ಗೊತ್ತಿರೋ ಮಿತ್ರ,” ಎಂದರು ಸಂಶಯ ಸರ್.

ಪತ್ತೇದಾರನ ಕಣ್ಣು ಒಬ್ಬೊಬ್ಬರ ಕೈಯತ್ತ ಸರಿಯಿತು.

“ನನ್ನನ್ನ ಬಿಡಿ,” ಅವರು ತೋಳಿನ ಪಿನ್ನು ತೋರಿಸಿದರು. “ಸೂಜಿ ಹಿಡಿಯೋಕೆ ಬಂದಿದ್ರೆ ಇದು ಇರ್ತಿತ್ತಾ?”

“ನನ್ನನ್ನೂ ಬಿಡಿ,” ಎಂದಳು ಇಲಿಯಮ್ಮ. “ಸೂಜಿಗೆ ದಾರ ಪೋಣಿಸೋಕೆ ನಾನು ಪಕ್ಕದ ಮನೆ ಮಗೂನ ಕರೀತೀನಿ.”

ಸಂಶಯ ಸರ್ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು. ಸಮಿತಿಗೆಂದು ತಂದಿದ್ದ ಹಾಳೆ ಮೊಣಕಾಲಿನ ಮೇಲಿತ್ತು.

“ನೋಡಮ್ಮಾ,” ಅವರು ಸೊಸೆಯತ್ತ ತಿರುಗಿದರು. “ಈ ಒಂದು ಓಟ ನಿನ್ನ ಹಿಂದಿನ ಕೆಲಸಕ್ಕೆಲ್ಲ ತೂಕ ಕೊಡುತ್ತೆ. ನಾನೇ ನಿನ್ನ ಪರವಾಗಿ ಬರೀತೀನಿ, ನನ್ನ ಕೈಯಿಂದಲೇ. ಆದ್ರೆ ಒಂದು ಷರತ್ತು. ಪರದೆ ತಿರುಗಿರೋದು ಅವತ್ತು ನಿನಗೆ ಗೊತ್ತಿರಬಾರದು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಸಮಿತಿ ಎದುರು ಕೂತಿದ್ರೆ ಅದು ಪ್ರಯೋಗ ಅಲ್ಲ, ನಾಟಕ. ನಾಟಕ ಆಡಿದವರ ಹಳೇ ಲೆಕ್ಕವನ್ನ ಯಾರೂ ನಂಬಲ್ಲ, ನಾನಂತೂ ನಂಬಲ್ಲ. ತಿರುಗಿಸಿದ್ದು ಬೇರೆಯವರು ಅಂತ ಗೊತ್ತಾದ್ರೆ ಸಾಕು.”

“ಗೊತ್ತಾಗುತ್ತೆ,” ಎಂದ ಪತ್ತೇದಾರ ಹಗುರಾಗಿ. ಅವನಿಗೆ ಕಾಫಿ ಬಂದಿತ್ತು. ಘಮ ಗೊತ್ತಾಗದಿದ್ದರೂ ಬಿಸಿ ಗೊತ್ತಾಗುತ್ತಿತ್ತು. “ಕಳ್ಳರು ಕೀಲಿ ಬಿಟ್ಟುಹೋಗ್ತಾರೆ, ಬೂಟಿನ ಗುರುತು ಬಿಟ್ಟುಹೋಗ್ತಾರೆ. ಇವರು ಹೊಲಿಗೆ ಬಿಟ್ಟುಹೋಗಿದ್ದಾರೆ. ಬೀಗರೇ, ಹೊಲಿಗೆಯಲ್ಲೂ ಕೈಬರಹ ಇರುತ್ತೆ ಅಲ್ವಾ?”

“ಇರುತ್ತೆ ಅಂದ್ರೇನು! ನಮ್ಮ ಬೀದಿಯಲ್ಲಿ ಯಾರ ಅಂಗಿ ಯಾರು ಹೊಲಿದದ್ದು ಅಂತ ಆಚೆ ಬದಿಯಿಂದ ನಡ್ಕೊಂಡು ಹೋಗ್ತಾ ಹೇಳ್ತೀನಿ.”

ಹೊಸ ಕೆಂಪು ಹೊಲಿಗೆಯಿದ್ದ ಕುಣಿಕೆಯನ್ನು ಪರದೆಯ ಮಡಿಕೆಯ ಸಮೇತ ಅವಳ ಮಡಿಲಿಗೆ ಇಳಿಸಿದರು. ಅವಳು ಕಿಟಕಿಯ ಬೆಳಕಿಗೆ ತಿರುಗಿ ಕುಳಿತಳು. ಕನ್ನಡಕ ಮೇಲೇರಿಸಿದಳು. ಪದ್ಯ ಬಾಯಲ್ಲಿ ಸಾಗುತ್ತಲೇ ಇತ್ತು. ಬೆರಳು ನೂಲಿನ ಗುಂಟ ಸಾಗಿತು, ಪದ್ಯದ ಸಾಲಿನ ಲಯಕ್ಕೇ.

“ಕೈ ಚೆನ್ನಾಗಿದೆ. ಸಮ ಬಿದ್ದಿದೆ. ಅವಸರದಲ್ಲಿ ಹಾಕಿದ್ದಲ್ಲ.” ಮತ್ತೆ ಗುನುಗು. ಕುಣಿಕೆಯನ್ನು ಮಗುಚಿ ಹಿಂಬದಿ ನೋಡಿದಳು.

ಪದ್ಯ ನಿಂತಿತು.

ಸಾಲಿನ ಕೊನೆಯಲ್ಲಿ ನಿಂತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಡುವೆ ನಿಂತಿತು, ಒಂದು ಪದ ಅರ್ಧಕ್ಕಾದಾಗ. ಕೋಣೆಯಲ್ಲಿ ಉಳಿದವರು ಕಾಫಿ ಕುಡಿಯುತ್ತಿದ್ದರು. ಪತ್ತೇದಾರ ಮಾತ್ರ ಲೋಟ ಕೆಳಗಿಟ್ಟ.

“ಬೆಳಕು ಸಾಲದು,” ಎಂದಳು ಅತ್ತೆ. ಬಿಸಿಲು ಅವಳ ಮಡಿಲ ತುಂಬ ಇತ್ತು. “ಅಂಗಡಿಗೆ ತಗೊಂಡು ಹೋಗಿ ನೋಡ್ತೀನಿ. ನಾಳೆ ಹೇಳ್ತೀನಿ.”

“ಬೀಗರೇ, ಪದ್ಯ ಯಾಕೆ ನಿಲ್ಲಿಸಿದ್ರಿ?”

“ವಯಸ್ಸಾಯ್ತು. ಮರೆತುಹೋಯ್ತು.”

“ನೀವು ಮರೆಯೋರಲ್ಲ.”

ಅತ್ತೆ ಕುಣಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಾಗೆ ಹಿಡಿದ ಮೇಲೆ ಮುಚ್ಚಿಡುವುದಕ್ಕಿಲ್ಲವೆಂದು ಅವಳಿಗೂ ಗೊತ್ತಾಯಿತು. ನಿಧಾನವಾಗಿ ಬೆರಳು ಬಿಡಿಸಿದಳು.

“ಈ ಗಂಟು,” ಎಂದಳು. “ಎರಡು ಸುತ್ತು ಸುತ್ತಿ, ತುದಿಯನ್ನ ಮಡಿಕೆ ಒಳಗೇ ಮುಳುಗಿಸಿದ್ದು. ಯಾವ ಟೈಲರೂ ಹೀಗೆ ಹಾಕಲ್ಲ, ಹೊತ್ತು ಹಿಡಿಯುತ್ತೆ. ನಮ್ಮಮ್ಮ ಹಾಕ್ತಿದ್ಲು. ನಾನು ಹಾಕ್ತೀನಿ.”

“ನೀವು ಈ ಕೋಣೆಗೆ ಬಂದಿದ್ದು?”

“ಪರದೆ ಕೊಟ್ಟು ಹೋದಾಗ. ಆಮೇಲೆ ಇವತ್ತೇ.”

“ಹಾಗಾದ್ರೆ ಬೇರೆ ಯಾರಿಗಾದ್ರೂ ಕಲಿಸಿದ್ರಾ?”

ಅತ್ತೆ ತಲೆಯೆತ್ತಿ ಸೊಸೆಯನ್ನು ನೋಡಿದಳು. ನೋಟದಲ್ಲಿ ಸಿಟ್ಟಿರಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟುವವರ ಕಳವಳವಿತ್ತು.

“ಮದುವೆಯಾದ ಹೊಸದರಲ್ಲಿ,” ಎಂದಳು, “ಗುಂಡಿ ಹೊಲಿಯೋಕೂ ಬರಲ್ಲ ಅತ್ತೆ, ಕಲಿಸಿ ಅಂತ ನನ್ನ ಪಕ್ಕ ಬಂದು ಕೂತೆ. ನಿನ್ನೊಬ್ಬಳಿಗೇ ಅಲ್ವೇನಮ್ಮಾ ನಾನು ಇದನ್ನ ಕಲಿಸಿದ್ದು?”

ಪರದೆಯೊಳಗೆ ಪಂಡಿತ ನೀರು ಕುಡಿದು ಮುಗಿಸಿ ಉತ್ತರದ ತೋಳಿನಲ್ಲೇ ಅಡ್ಡಾಡುತ್ತಿದ್ದ. ಟಿಕ್. ಟಿಕ್.

ಸೊಸೆ ಅತ್ತೆಯತ್ತ ತಿರುಗಲಿಲ್ಲ. ಅವಳ ಕಣ್ಣು ಮಾವನ ಮುಖದ ಮೇಲಿತ್ತು.

ಹಿಂದಿನಿಂದ ಪತ್ತೇದಾರನಿಗೆ ಇನ್ನೊಂದು ಸಣ್ಣ ಸದ್ದು ಕೇಳಿಸಿತು. ಸಂಶಯ ಸರ್ ಪೆನ್ನಿಗೆ ಮತ್ತೆ ಮುಚ್ಚಳ ಹಾಕುತ್ತಿದ್ದರು.